ಡೆಲಿವರಿಗೆ ಬಂದವರು ಆಧಾರ್ ಫೋಟೊ ಕೇಳಿದರೆ ಕೊಡಲೇಬೇಕಾ?

ಕೊಡಬೇಕಾಗಿಲ್ಲ. ಕೆಲವು ಸಲ ಯಾವುದಾದರೂ ಒಂದು ಗುರುತಿನ ಚೀಟಿ ತೋರಿಸಬೇಕಾಗಬಹುದು, ಅಷ್ಟೇ.

ನೀವು ಬರೆದಿರುವುದು ಇಷ್ಟು: ಆನ್‌ಲೈನ್‌ನಲ್ಲಿ ಫೋನ್ ತರಿಸಿದಿರಿ, ದುಡ್ಡು ಮೊದಲೇ ಕಟ್ಟಿದ್ದಿರಿ. ಬಂದವರು ಓಟಿಪಿ ತಗೊಂಡರು, ಆಮೇಲೆ ಆಧಾರ್ ಕಾರ್ಡಿನ ಫೋಟೊ ಬೇಕು ಎಂದರು. ನೀವು ಒಪ್ಪಲಿಲ್ಲ, ಅವರು ಪೆಟ್ಟಿಗೆ ವಾಪಸ್ ಒಯ್ದರು. "ನನ್ನ ದುಡ್ಡಿನ ಸಾಮಾನಿಗೆ ನಾನೇ ಕಳ್ಳನ ಥರ ನಿಲ್ಲಬೇಕಾ?" ಎಂದು ಕೇಳಿದ್ದೀರಿ. ಸಿಟ್ಟು ನ್ಯಾಯವಾದದ್ದೇ. ಆದರೆ ಅದಕ್ಕಿಂತ ಮೊದಲು ಒಂದು ಕೆಲಸ ಮಾಡಿ. ಓಟಿಪಿ ಹೇಳಿಯಾಗಿದೆ ಅಲ್ವಾ? ಆ್ಯಪ್ ತೆರೆದು ಆರ್ಡರ್ ಏನು ತೋರಿಸುತ್ತಿದೆ ನೋಡಿ. 'ತಲುಪಿಸಲಾಗಿದೆ' ಎಂದಿದ್ದರೆ ತಕ್ಷಣ ಸ್ಕ್ರೀನ್‌ಶಾಟ್ ತೆಗೆದು ಕಸ್ಟಮರ್ ಕೇರ್‌ಗೆ ಬರೆಯಿರಿ. ಕಂಪನಿಯ ಲೆಕ್ಕದಲ್ಲಿ ಓಟಿಪಿ ಎಂದರೆ ನೀವು ಹಾಕಿದ ಸಹಿ. ತಡ ಮಾಡಿದಷ್ಟೂ ಅವರು ನಿಮ್ಮ ಮಾತು ನಂಬುವುದು ಕಷ್ಟ.

ಈಗ ಕಾನೂನಿನ ವಿಷಯ. ಆಧಾರ್ ಕೇಸನ್ನು ಸುಪ್ರೀಂ ಕೋರ್ಟಿಗೆ ಒಯ್ದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು. ಆ ಕೇಸಿನಲ್ಲೇ 2017ರ ಆಗಸ್ಟ್‌ನಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. 2018ರ ಸೆಪ್ಟೆಂಬರ್ 26ರಂದು ಬಂದ ತೀರ್ಪು, ಖಾಸಗಿ ಕಂಪನಿಗಳು ತಮ್ಮ ವ್ಯವಹಾರಕ್ಕೆ ಆಧಾರ್ ಬಳಸಿಕೊಳ್ಳಲು ಬಿಟ್ಟಿದ್ದ ಅವಕಾಶವನ್ನು ತೆಗೆದುಹಾಕಿತು. 2019ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಬ್ಯಾಂಕು, ಟೆಲಿಕಾಂ ಕಂಪನಿಗಳಿಗೆ ಗ್ರಾಹಕರು ತಾವಾಗಿ ಒಪ್ಪಿದರೆ ಬಳಸಬಹುದು ಎಂಬ ದಾರಿ ಸಿಕ್ಕಿತು. ಉಳಿದವರು ಕಾರ್ಡ್ ನೋಡಿ ಗುರುತು ಖಚಿತ ಮಾಡಿಕೊಳ್ಳುವುದಾದರೂ ನಿಮ್ಮ ಒಪ್ಪಿಗೆ ಬೇಕು, ಬೇರೆ ದಾಖಲೆ ಯಾವುದು ನಡೆಯುತ್ತದೆ ಎಂದು ಹೇಳಬೇಕು, ಆಧಾರ್ ಸಂಖ್ಯೆಯನ್ನು ತಮ್ಮ ಹತ್ತಿರ ಇಟ್ಟುಕೊಳ್ಳುವ ಹಾಗಿಲ್ಲ. ಅಂದರೆ ಇಡೀ ನಂಬರ್ ಕಾಣುವ ಹಾಗೆ ಫೋಟೊ ಹೊಡೆದುಕೊಂಡು ಹೋಗುವುದು ತಪ್ಪು.

ಗುರುತು ಕೇಳಲು ಕಾರಣ ಇರುವ ಜಾಗಗಳೂ ಇವೆ. ಕ್ರೆಡಿಟ್ ಕಾರ್ಡ್, ಸಿಮ್, ಸ್ಪೀಡ್ ಪೋಸ್ಟ್‌ನಲ್ಲಿ ಬರುವ ಪಾಸ್‌ಪೋರ್ಟ್, ಇವನ್ನೆಲ್ಲ ಯಾರ ಕೈಗೋ ಕೊಟ್ಟು ಹೋಗಲಾಗದು. ವಿದೇಶದಿಂದ ಕೊರಿಯರ್ ಬಂದರೆ ಕಸ್ಟಮ್ಸ್‌ಗಾಗಿ ಪಡೆಯುವವರ ಕೆವೈಸಿ ಬೇಕು. ನನ್ನ ತಮ್ಮ ಅಮೆರಿಕದಿಂದ ಅಪ್ಪನಿಗೆ ಒಂದು ಸ್ವೆಟರ್ ಕಳಿಸಿದಾಗಲೂ ಅಪ್ಪನ ಗುರುತಿನ ದಾಖಲೆ ಕೇಳಿದರು. ಆದರೆ ಅದನ್ನು ಹಾಕಬೇಕಾದದ್ದು ಕೊರಿಯರ್ ಕಂಪನಿಯ ವೆಬ್‌ಸೈಟಿನಲ್ಲಿ. ಗಾಡಿಯಲ್ಲಿ ಬಂದ ಹುಡುಗನ ಮೊಬೈಲಿಗಲ್ಲ.

ಬೆಲೆಬಾಳುವ ಸಾಮಾನಿಗೆ ಕಂಪನಿಗಳು ಇಷ್ಟೊಂದು ತಪಾಸಣೆ ಮಾಡುವುದು ಸುಮ್ನೆ ಅಲ್ಲ. ಫೋನಿನ ಪೆಟ್ಟಿಗೆಯಲ್ಲಿ ಸೋಪು ಬಂತು ಎನ್ನುವ ಗ್ರಾಹಕರಿದ್ದಾರೆ. ಫೋನ್ ಕೈಗೆ ಸಿಕ್ಕ ಮೇಲೂ ಬಂದೇ ಇಲ್ಲ ಎನ್ನುವವರೂ ಇದ್ದಾರೆ. ದಾರಿಯಲ್ಲೇ ಪೆಟ್ಟಿಗೆ ಬಿಚ್ಚುವವರೂ ಇದ್ದಾರೆ. ಜಗಳ ಬಂದಾಗ ತೋರಿಸಲು ಕಂಪನಿಗೆ ಏನಾದರೊಂದು ದಾಖಲೆ ಬೇಕು. ನನ್ನ ತಕರಾರು ಏನೆಂದರೆ, ಈಗ ನಡೆಯುತ್ತಿರುವ ತಪಾಸಣೆಯಿಂದ ಯಾರ ಗುರುತೂ ಖಚಿತವಾಗುವುದಿಲ್ಲ. ಕಂಪನಿಯ ಕಡತದಲ್ಲಿ ಒಂದು ಟಿಕ್ ಬೀಳುತ್ತದೆ. ಅದರ ಕಿರಿಕಿರಿ ಮಾತ್ರ ಬಾಗಿಲ ಎರಡೂ ಕಡೆ ನಿಂತವರಿಗೆ.

ನಮ್ಮ ಮನೆಗೆ ಟ್ಯಾಬ್ ತಂದಿದ್ದ ಹುಡುಗ ಕಲಬುರಗಿ ಕಡೆಯವನು. ಕೊರಳಿಗೆ ಪವರ್ ಬ್ಯಾಂಕ್ ನೇತುಹಾಕಿಕೊಂಡಿದ್ದ, ಅದರ ವೈರು ಫೋನಿಗೆ ಚುಚ್ಚಿಯೇ ಇತ್ತು. "ಅಕ್ಕಾರ, ಆಧಾರ್ ಫೋಟೊ ಹೊಡೀಬೇಕ್ರಿ. ಇಲ್ಲಾಂದ್ರ ಆ್ಯಪ್ ಮುಂದ ಹೋಗಂಗಿಲ್ಲ" ಎಂದ. ತೋರಿಸು ನೋಡೋಣ ಎಂದೆ. ಪರದೆಯಲ್ಲಿ ಕ್ಯಾಮೆರಾದ ಒಂದು ಚೌಕ, ಅದರ ಕೆಳಗೆ ಬೂದು ಬಣ್ಣದ ಬಟನ್. ಫೋಟೊ ತೆಗೆಯುವವರೆಗೆ ಆ ಬಟನ್ ಒತ್ತಲು ಬರುವುದಿಲ್ಲ. ನಾನು ಆಧಾರ್‌ನ ಅಂಕಿಗಳನ್ನು ಮರೆಮಾಚಿದ ಪ್ರತಿ ತಂದು ಹಿಡಿದೆ. ಫೋಟೊ ಹೊಡೆದ, ಬಟನ್ ಹಸಿರಾಯಿತು, "ಆತ್ರೀ ಅಕ್ಕಾರ" ಎಂದು ಹೊರಟ. ಅದೇ ಫ್ಲೋರಿನ ಇನ್ನೊಂದು ಮನೆಯವರ ಕೈಗೆ ಆ ಹೊತ್ತಿಗೆ ಯಾವ ಕಾರ್ಡೂ ಸಿಗಲಿಲ್ಲ. ಅವನು ಬಾಗಿಲ ಮುಂದಿನ ರಂಗೋಲಿಯ ಫೋಟೊ ಹೊಡೆದ. ಆಗಲೂ ಬಟನ್ ಹಸಿರಾಯಿತು!

ಇನ್ನೊಂದು ತಮಾಷೆ ಅಪಾರ್ಟ್‌ಮೆಂಟಿನದು. ಬಾಗಿಲಿಗೆ ಬಂದರೆ ಇಷ್ಟೆಲ್ಲ ಕೇಳುತ್ತಾರೆ. ಮನೆಯಲ್ಲಿ ಇಲ್ಲ ಎಂದರೆ "ಮೇಡಂ, ಓಟಿಪಿ ಹೇಳಿಬಿಡಿ, ಸೆಕ್ಯೂರಿಟಿ ಹತ್ರ ಇಟ್ಟು ಹೋಗ್ತೀನಿ" ಎನ್ನುತ್ತಾರೆ. ಆಮೇಲೆ ಗೇಟಿನ ಮೇಜಿನ ಮೇಲೆ ಯಾರು ಬೇಕಾದರೂ ಎತ್ತಿಕೊಂಡು ಹೋಗಬಹುದಾದ ಹಾಗೆ ಪೆಟ್ಟಿಗೆ ಬಿದ್ದಿರುತ್ತದೆ.

ಹೆಸರಿನ ರಗಳೆ ನಮ್ಮ ಕಡೆಯವರಿಗೆ ಜಾಸ್ತಿ. ಊರಿನ ಹೆಸರಿನ ಒಂದಕ್ಷರ, ಅಪ್ಪನ ಹೆಸರಿನ ಒಂದಕ್ಷರ, ಆಮೇಲೆ ನಮ್ಮ ಹೆಸರು. ಆಧಾರ್‌ನಲ್ಲಿ ಇನಿಷಿಯಲ್ ಮುಂದೆ, ಪ್ಯಾನ್ ಕಾರ್ಡಿನಲ್ಲಿ ಅದು ಬಿಡಿಸಿಕೊಂಡು ಉದ್ದ, ಲೈಸೆನ್ಸಿನಲ್ಲಿ ಗಂಡನ ಹೆಸರು ಸೇರಿಕೊಂಡಿರುತ್ತದೆ. ಶಾಪಿಂಗ್ ಆ್ಯಪ್‌ಗೆ ಮೊದಲ ಹೆಸರು, ಕೊನೆಯ ಹೆಸರು ಬೇಕು. ಅಪ್ಪ ಕೊನೆಯ ಹೆಸರಿನ ಜಾಗದಲ್ಲಿ 'ಎಚ್' ಎಂದು ಹಾಕಿದರೆ ಒಂದಕ್ಷರ ಸಾಲದು ಎಂದಿತು. ಅವರು 'ಎಚ್‌ಎಚ್' ಎಂದು ಹಾಕಿದರು. ಅಂದಿನಿಂದ ಹಾಸನದ ನಮ್ಮ ಮನೆ ಗೇಟಿನಲ್ಲಿ "ಎಚ್‌ಎಚ್ ಸಾರ್ ಇದ್ದಾರಾ?" ಎಂದು ಕೂಗುತ್ತಾರೆ. ಅಲ್ಲಿಗೆ ಬರುವ ಹುಡುಗರು ಮುಖ ಪರಿಚಯದವರು, ಹಾಗಾಗಿ ನಡೆದುಹೋಗುತ್ತದೆ. ಹೊಸಬರು ಬಂದರೆ ಕಾರ್ಡನ್ನೂ ಪೆಟ್ಟಿಗೆಯ ಮೇಲಿನ ಚೀಟಿಯನ್ನೂ ಮೂರು ಸಲ ನೋಡುತ್ತಾರೆ. ಕೊಡುವ ಗುರುತಿನ ಚೀಟಿಯಲ್ಲಿ ಹೇಗಿದೆಯೋ ಹಾಗೇ ಡೆಲಿವರಿ ವಿಳಾಸದ ಹೆಸರನ್ನೂ ಬರೆದಿಟ್ಟರೆ ಅರ್ಧ ತಲೆನೋವು ಕಡಿಮೆ.

ನನಗೆ ಎಲ್ಲಕ್ಕಿಂತ ಬೇಜಾರು ತರಿಸುವುದು ವಯಸ್ಸಾದವರ ಪಾಡು. ಮಕ್ಕಳು ಎಲ್ಲೋ ಕೂತು ಆರ್ಡರ್ ಮಾಡುತ್ತೇವೆ, ಸಾಮಾನು ಹೋಗುವುದು ಊರಿಗೆ. ಓಟಿಪಿ ಬರುವುದು ನಮ್ಮ ಫೋನಿಗೆ. ನಾನು ಮೀಟಿಂಗಿನಲ್ಲಿರುತ್ತೇನೆ, ಅಲ್ಲಿ ಹುಡುಗ ಬಿಸಿಲಲ್ಲಿ ನಿಂತಿರುತ್ತಾನೆ. ಅಮ್ಮ ಕನ್ನಡಕ ಹುಡುಕಿ ಹಾಕಿಕೊಂಡು ತನ್ನ ಫೋನಿನ ಮೆಸೇಜುಗಳನ್ನೆಲ್ಲ ಮೇಲಿಂದ ಕೆಳಗೆ ಓದುತ್ತಾಳೆ. ಎಲ್ಲ ಇಂಗ್ಲಿಷು. ಗ್ಯಾಸ್ ಬುಕ್ಕಿಂಗಿನ ಕೋಡೂ ಅಲ್ಲೇ ಇರುತ್ತದೆ, ಬ್ಯಾಂಕಿನ ಓಟಿಪಿಯೂ ಅಲ್ಲೇ. "ಇದಾ ನೋಡಪ್ಪ" ಎಂದು ಫೋನನ್ನೇ ಅವನ ಕೈಗೆ ಕೊಟ್ಟುಬಿಡುತ್ತಾಳೆ. ಬಂದವನು ಒಳ್ಳೆಯವನಾದ್ದರಿಂದ ಸರಿ. ಇಲ್ಲದಿದ್ದರೆ? ಸುರಕ್ಷತೆಗೆ ಎಂದು ಮಾಡಿದ ಏರ್ಪಾಡು ಅಮ್ಮನಂಥವರಿಗೆ, ಕೇಳಿದವರಿಗೆಲ್ಲ ಓಟಿಪಿ ಹೇಳುವ ಅಭ್ಯಾಸ ಮಾಡಿಸುತ್ತಿದೆ. ಅಮೆರಿಕದಲ್ಲಿರುವ ನನ್ನ ತಮ್ಮ ಗೌರಿ ಹಬ್ಬಕ್ಕೆ ಏನಾದರೂ ಕಳಿಸಿದರಂತೂ ಕೇಳಲೇಬೇಡಿ. ಇಲ್ಲಿ ಮಧ್ಯಾಹ್ನವಾದಾಗ ಅವನಿಗೆ ನಡುರಾತ್ರಿ, ಓಟಿಪಿ ಅವನ ದಿಂಬಿನ ಪಕ್ಕದಲ್ಲಿ ಟಿಂಗ್ ಎನ್ನುತ್ತದೆ.

ಇದಕ್ಕೆ ನಾವು ಕಂಡುಕೊಂಡ ದಾರಿ ಸುಲಭದ್ದು. ಹಲವು ಆ್ಯಪ್‌ಗಳಲ್ಲಿ ಡೆಲಿವರಿಯ ದಿನ ಆರ್ಡರ್ ಪುಟದಲ್ಲೇ ಓಟಿಪಿ ಕಾಣುತ್ತದೆ. ಅದನ್ನು ಬೆಳಿಗ್ಗೆಯೇ ಅಮ್ಮನಿಗೆ ಹೇಳಿ ಕ್ಯಾಲೆಂಡರ್ ಮೇಲೆ ಬರೆಸುತ್ತೇನೆ. ಆ ವಿಳಾಸಕ್ಕೆ ಅಪ್ಪನ ನಂಬರನ್ನೇ ಹಾಕಿದ್ದೇನೆ. ಪೆಟ್ಟಿಗೆ ಕಣ್ಣಿಗೆ ಕಂಡ ಮೇಲೆ ಮಾತ್ರ ಓಟಿಪಿ, ಬಿಚ್ಚಿ ತೋರಿಸುವ ಡೆಲಿವರಿಯಾದರೆ ಒಳಗಿನ ಫೋನ್ ನೋಡಿದ ಮೇಲೆ. ಫೋನಿನಲ್ಲಿ ಓಟಿಪಿ ಕೇಳಿದವರಿಗೆ ಏನೂ ಹೇಳಬಾರದು. ಪಾರ್ಸೆಲ್ ಬಂದಿದೆ ಎಂದು ಕರೆ ಮಾಡಿ, *21* ಎಂದು ಶುರುವಾಗುವ ಒಂದು ನಂಬರ್ ಒತ್ತಿ ಎನ್ನುವ ಕಳ್ಳರಿದ್ದಾರೆ. ಅದನ್ನು ಒತ್ತಿದರೆ ನಿಮ್ಮ ಕರೆಗಳೆಲ್ಲ ಅವರ ಫೋನಿಗೆ ತಿರುಗುತ್ತವೆ, ಕರೆಯಲ್ಲಿ ಹೇಳುವ ಬ್ಯಾಂಕ್ ಓಟಿಪಿ ಕೂಡ ಅವರಿಗೇ ಹೋಗುತ್ತದೆ. ಒತ್ತಿಬಿಟ್ಟಿದ್ದರೆ ##002# ಒತ್ತಿ ಕರೆ ತಿರುಗುವುದನ್ನು ನಿಲ್ಲಿಸಿ. ದುಡ್ಡು ಹೋಗಿದ್ದರೆ 1930ಕ್ಕೆ ಕರೆ ಮಾಡಿ.

ಮರೆಮಾಚಿದ ಆಧಾರ್ ಎಂದೆನಲ್ಲ, ಅದನ್ನು ಆಧಾರ್ ಪ್ರಾಧಿಕಾರದ ವೆಬ್‌ಸೈಟಿನಿಂದ ಇಳಿಸಿಕೊಳ್ಳಬಹುದು. 12 ಅಂಕಿಗಳಲ್ಲಿ ಕೊನೆಯ 4 ಮಾತ್ರ ಕಾಣುತ್ತವೆ. ಇಳಿಸಿದ ಫೈಲಿಗೆ ಪಾಸ್‌ವರ್ಡ್ ಇರುತ್ತದೆ: ನಿಮ್ಮ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಅದಾದ ಮೇಲೆ ಹುಟ್ಟಿದ ವರ್ಷ. ಒಂದು ಪ್ರಿಂಟ್ ತೆಗೆದು ಬಾಗಿಲ ಹತ್ತಿರ ಇಟ್ಟುಕೊಳ್ಳಿ. ಅಂದಹಾಗೆ, 2022ರ ಮೇ ತಿಂಗಳಲ್ಲಿ ಪ್ರಾಧಿಕಾರದ ಬೆಂಗಳೂರು ಕಚೇರಿಯೇ, ಸಿಕ್ಕಸಿಕ್ಕವರಿಗೆ ಆಧಾರ್ ಜೆರಾಕ್ಸ್ ಕೊಡಬೇಡಿ, ಮರೆಮಾಚಿದ್ದನ್ನು ಬಳಸಿ ಎಂದು ಪ್ರಕಟಣೆ ಹೊರಡಿಸಿತ್ತು. ಜನ ಗಾಬರಿಯಾದರು, ತಪ್ಪು ಅರ್ಥ ಬರುತ್ತದೆ ಎಂದು ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಅದನ್ನು ವಾಪಸ್ ತಗೊಂಡಿತು. ನನಗಂತೂ ಮೊದಲು ಹೇಳಿದ್ದೇ ಸರಿ ಎನಿಸುತ್ತದೆ. ಪ್ರಿಂಟ್ ಇಲ್ಲದಿದ್ದರೆ ವೋಟರ್ ಕಾರ್ಡೋ ಲೈಸೆನ್ಸೋ ತೋರಿಸಿ. ಆಧಾರ್ ಬಿಟ್ಟರೆ ಬೇರೇನೂ ಕೈಯಲ್ಲಿ ಇಲ್ಲವೆಂದರೆ ಮೊದಲ ಎಂಟು ಅಂಕಿಗಳ ಮೇಲೆ ಹೆಬ್ಬೆರಳು ಇಟ್ಟು ಹಿಡಿಯಿರಿ. ಫೋಟೊ ಅವರ ಕಂಪನಿ ಆ್ಯಪ್‌ನಲ್ಲೇ ತೆಗೆಯುತ್ತಿದ್ದಾರಾ, ಗ್ಯಾಲರಿಗೆ ಹೋಗುತ್ತಿದೆಯಾ ಎಂದು ಇಣುಕಿ ನೋಡುವುದರಲ್ಲಿ ಮುಜುಗರ ಬೇಡ.

ಹುಡುಗನ ಜೊತೆ ಜಗಳ ಮಾತ್ರ ಬೇಡ. ನೀವು ಸಿಟ್ಟಾಗಿ ಬಾಗಿಲು ಹಾಕಿದರೆ ಅವನು ಆ ಪೆಟ್ಟಿಗೆ ಹೊತ್ತು ಹಬ್‌ವರೆಗೆ ತಿರುಗಿ ಹೋಗಬೇಕು. ಅವನಿಗೂ ತಪಾಸಣೆ ತಪ್ಪಿದ್ದಲ್ಲ. ಎಷ್ಟೋ ಆ್ಯಪ್‌ಗಳಲ್ಲಿ ಕೆಲಸ ಶುರು ಮಾಡುವ ಮೊದಲು ಸೆಲ್ಫಿ ಕೊಡಬೇಕು, ಮುಖ ಹೊಂದದಿದ್ದರೆ ಲಾಗಿನ್ ಇಲ್ಲ. ನಮ್ಮ ಗೇಟಿನಲ್ಲಿ ಮತ್ತೆ ಹೆಸರು, ಫೋನ್ ನಂಬರ್, ಇನ್ನೊಂದು ಫೋಟೊ. ಕರ್ನಾಟಕದಲ್ಲಿ 2025ರಲ್ಲಿ ಇವನಂಥ ಗಿಗ್ (ಆ್ಯಪ್ ಮೂಲಕ ದುಡಿಯುವ) ಕೆಲಸಗಾರರಿಗಾಗಿ ಕಾಯ್ದೆ ಬಂದ ಮೇಲೆ ಕಾರಣ ಹೇಳದೆ ಅವರನ್ನು ಕೆಲಸದಿಂದ ತೆಗೆಯುವ ಹಾಗಿಲ್ಲ, ಅಷ್ಟಾದರೂ ಆಯಿತು.

ದೂರು ಹೋಗಬೇಕಾದದ್ದು ಕಂಪನಿಗೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಪ್ರತಿ ಕಂಪನಿಯೂ ದೂರು ಅಧಿಕಾರಿಯನ್ನು ಇಟ್ಟಿರಬೇಕು, ಅವರ ಹೆಸರು, ಸಂಪರ್ಕ ಆ್ಯಪ್‌ನಲ್ಲೇ ಹಾಕಿರಬೇಕು. ದೂರು ಬಂದಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಇತ್ಯರ್ಥ ಮಾಡಬೇಕು. ಸ್ಪಂದಿಸದಿದ್ದರೆ 1915, ಅದು ರಾಷ್ಟ್ರೀಯ ಗ್ರಾಹಕರ ಸಹಾಯವಾಣಿ. ಚಾಟ್‌ನಲ್ಲಿ ಬಾಟ್ ಜೊತೆ ಹೊಡೆದಾಡಬೇಡಿ, ಇಮೇಲ್ ಕಳಿಸಿ. ಓಟಿಪಿ ಕೊಟ್ಟ ಹೊತ್ತು, ಬೇರೆ ಗುರುತಿನ ಚೀಟಿ ತೋರಿಸಲು ಒಪ್ಪಿದ್ದಿರಾ ಎಂಬುದು, ಈಗ ಆರ್ಡರ್ ಏನು ತೋರಿಸುತ್ತಿದೆ, ಫೋನ್ ಬೇಕೋ ದುಡ್ಡು ಬೇಕೋ, ಇಷ್ಟು ಬರೆಯಿರಿ. ಹುಡುಗನ ಹೆಸರು ಹಾಕಬೇಡಿ, ಆರ್ಡರ್ ನಂಬರ್ ಸಾಕು.