ಎಂಟನೇ ಕ್ಲಾಸಿಗೆ ಸಮಾಜ: ಜೂನ್ ತಿಂಗಳನ್ನು ಕಟ್ಟೆಯ ನೀರಿನಿಂದ ಶುರು ಮಾಡಿ

ಮೇಡಂ, ನಿಮ್ಮ ಪ್ರಶ್ನೆ ಓದಿದೆ. ಮದ್ದೂರು ತಾಲ್ಲೂಕಿನ ಹೈಸ್ಕೂಲಿಗೆ ಹೊಸದಾಗಿ ಬಂದಿದ್ದೀರಿ. ಎಂಟನೇ ಕ್ಲಾಸಿನ ಮಕ್ಕಳು "ಸಮಾಜ ಅಂದ್ರೆ ಬಾಯಿಪಾಠ ತಾನೇ ಮಿಸ್" ಎಂದರಂತೆ. ಜೂನ್ ತಿಂಗಳಲ್ಲಿ ಅವರನ್ನು ಪಾಠದ ಕಡೆ ಎಳೆಯುವುದು ಹೇಗೆ ಎಂದು ಕೇಳಿದ್ದೀರಿ. ಈ ಗುಂಪಿನಲ್ಲಿ ಶಾಸನ, ವೀರಗಲ್ಲು ಹುಡುಕಿಕೊಂಡು ಊರೂರು ತಿರುಗುವವರೇ ಜಾಸ್ತಿ, ಆದರೆ ಮೇಷ್ಟ್ರುಗಳೂ ಇದ್ದೇವೆ. ನಾನು ಇದೇ ಜಿಲ್ಲೆಯಲ್ಲಿ ಸಮಾಜ ಕಲಿಸುವವನು, ಅದಕ್ಕೇ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಮೊದಲ ತಿಂಗಳು ಗೈಡಿನಲ್ಲಿ ಉತ್ತರ ಸಿಗದ ಪ್ರಶ್ನೆಗಳನ್ನೇ ಕೊಡಿ. ನಿಮಗೂ ಉತ್ತರ ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು. ಉತ್ತರ ಪಾಠದ ಹಿಂದಿನ ಪುಟದಲ್ಲೇ ಇದ್ದರೆ ಮಗು ಯೋಚನೆ ಯಾಕೆ ಮಾಡಬೇಕು? ಉರು ಹೊಡೆದರೆ ಸಾಕಲ್ವಾ?

ನಮ್ಮ ಜಿಲ್ಲೆಯಲ್ಲಿ ಅಂಥ ಪ್ರಶ್ನೆ ಪ್ರತಿ ಜೂನ್‌ನಲ್ಲೂ ತಾನಾಗಿ ಬರುತ್ತದೆ: ಈ ಸಲ ಕಟ್ಟೆ, ಅಂದರೆ ಕಾವೇರಿಯ ಕೆಆರ್‌ಎಸ್ (ಕೃಷ್ಣರಾಜಸಾಗರ) ಅಣೆಕಟ್ಟು, ತುಂಬುತ್ತಾ? ಮಕ್ಕಳ ಮನೆಯಲ್ಲಿ, ಟೀ ಅಂಗಡಿಯಲ್ಲಿ, ಎಲ್ಲೆಲ್ಲೂ ಇದೇ ಮಾತು. ಕ್ಲಾಸಿನ ಗೋಡೆಗೆ ಒಂದು ದೊಡ್ಡ ಗ್ರಾಫ್ ಹಾಳೆ ಅಂಟಿಸಿ. ಕೆಳಗೆ ದಿನಾಂಕ, ಪಕ್ಕದಲ್ಲಿ ಅಡಿ. ಎಂಬತ್ತು ಅಡಿಯಿಂದ ಶುರು ಮಾಡಿದರೆ ಸಾಮಾನ್ಯವಾಗಿ ಸಾಕು, ಒಂದು ಅಡಿಗೆ ಒಂದು ಸೆಂಟಿಮೀಟರ್ ಇಟ್ಟುಕೊಳ್ಳಿ. 124.80 ಅಡಿಗೆ ಕೆಂಪು ಗೆರೆ ಎಳೆಯಿರಿ, ಅದು ಕೆಆರ್‌ಎಸ್‌ನ ಗರಿಷ್ಠ ಮಟ್ಟ. ನೀರಿನ ಮಟ್ಟ, ಒಳಹರಿವು, ಹೊರಹರಿವು ದಿನಾ ಪೇಪರಿನಲ್ಲಿ ಬರುತ್ತದೆ. ಹಾಜರಿ ಪ್ರಕಾರ ದಿನಕ್ಕೊಬ್ಬರು ಬಂದು ಚುಕ್ಕಿ ಇಡಲಿ. ಮೊದಲ ದಿನವೇ ಎಲ್ಲರೂ ಒಂದೊಂದು ಚೀಟಿಯಲ್ಲಿ "ನೂರು ಅಡಿ ದಾಟುವುದು ಯಾವತ್ತು" ಎಂದು ಬರೆದು ಡಬ್ಬಿಗೆ ಹಾಕಲಿ, ನೀವೂ ಹಾಕಿ. ಈಗಾಗಲೇ ನೂರು ದಾಟಿದ್ದರೆ 120 ಅಡಿ ಎಂದು ಕೇಳಿ. ಆಮೇಲೆ ನೋಡಿ, ಹಿಂದಿನ ಬೆಂಚಿನ ಹುಡುಗನೂ ಬೆಳಿಗ್ಗೆ ಬಂದವನೇ ಗೋಡೆ ಹತ್ತಿರ ಹೋಗುತ್ತಾನೆ.

ಒಂದೆರಡು ವಾರ ಕಳೆಯುವ ಹೊತ್ತಿಗೆ ಯಾರಾದರೂ ಕೇಳಿಯೇ ಕೇಳುತ್ತಾರೆ: "ಇಲ್ಲಿ ಮಳೆನೇ ಇಲ್ಲ, ಕಟ್ಟೆಗೆ ನೀರು ಹೆಂಗೆ ಬಂತು?" ನಿಮ್ಮ ಭೂಗೋಳ ಅಲ್ಲಿಂದ ಶುರು. ಮಂಡ್ಯಕ್ಕೆ ವರ್ಷಕ್ಕೆ ಬೀಳುವುದು 700 ಮಿಲಿಮೀಟರ್ ಆಸುಪಾಸು, ಅದರಲ್ಲೂ ಜಾಸ್ತಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಕಾವೇರಿ ಹುಟ್ಟುವ ಕೊಡಗಿನ ಭಾಗಮಂಡಲದ ಕಡೆ ಅದರ ಹಲವು ಪಟ್ಟು ಬೀಳುತ್ತದೆ. ಮೋಡವನ್ನು ಪಶ್ಚಿಮಘಟ್ಟ ತಡೆಯುವುದು, ನಾವು ಮಳೆ ನೆರಳಿನಲ್ಲಿ ಇರುವುದು, ಕಾವೇರಿ ಜೊತೆ ಹೇಮಾವತಿ, ಲಕ್ಷ್ಮಣತೀರ್ಥ ಬಂದು ಸೇರುವುದು, ಇವನ್ನೆಲ್ಲ ಮಕ್ಕಳೇ ಕೇಳಿ ತಿಳಿದುಕೊಂಡರೆ ಆಮೇಲೆ ಮರೆಯುವುದಿಲ್ಲ.

ಪೇಪರಿನ ಪದಗಳನ್ನು ಬಿಡಿಸಿ ಹೇಳುವುದನ್ನು ಮಾತ್ರ ಮರೆಯಬೇಡಿ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಅಂದರೆ ಕಣ್ಣು ಮಿಟುಕಿಸುವುದರಲ್ಲಿ ಎರಡು ಬಿಂದಿಗೆಯಷ್ಟು ನೀರು ಹೋಯಿತು. ಬಿಂದಿಗೆಯನ್ನು ಕ್ಲಾಸಿಗೇ ತಂದು ತೋರಿಸಿ. ಸುಮಾರು 11,500 ಕ್ಯೂಸೆಕ್ ಒಂದು ಹಗಲು, ಒಂದು ರಾತ್ರಿ ಪೂರ್ತಿ ಹರಿದರೆ ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ. ಕಟ್ಟೆ ಹಿಡಿಯುವುದು ಸುಮಾರು 49 ಟಿಎಂಸಿ. ಈ ಲೆಕ್ಕ ಬಂದ ಮಕ್ಕಳು ಸಂಜೆ ಅಪ್ಪನಿಗೆ ಪೇಪರ್ ಓದಿ ವಿವರಿಸುತ್ತಾರೆ. ನನಗೆ ಇದಕ್ಕಿಂತ ದೊಡ್ಡ ಸಂತೋಷ ಬೇರೆ ಇಲ್ಲ.

ಮಳೆ ಕೈಕೊಟ್ಟ ವರ್ಷ ಆಗಸ್ಟ್ ಹೊತ್ತಿಗೆ ತಮಿಳುನಾಡಿಗೆ ಕಾವೇರಿ ನೀರು ಬಿಡುವ ವಿಚಾರಕ್ಕೆ ಹೆದ್ದಾರಿ ತಡೆ, ಬಂದ್ ಶುರುವಾಗುತ್ತದೆ. ಆ ಮಾತನ್ನು ಕ್ಲಾಸಿನಿಂದ ಹೊರಗಿಡಬೇಡಿ. ಗೋಡೆ ಮೇಲೆ ಮಕ್ಕಳೇ ಬರೆದ ಲೆಕ್ಕ ಇರುತ್ತದೆ, ಅದನ್ನು ಮುಂದಿಟ್ಟುಕೊಂಡೇ ಮಾತಾಡಿ. 1892 ಮತ್ತು 1924ರ ಒಪ್ಪಂದ, 1990ರಲ್ಲಿ ಬಂದ ನ್ಯಾಯಮಂಡಳಿ, 2007ರ ಐತೀರ್ಪು, 2018ರ ಸುಪ್ರೀಂ ಕೋರ್ಟ್ ತೀರ್ಪು, ಇಷ್ಟನ್ನು ಒಂದು ಗೆರೆ ಮೇಲೆ ಬರೆದರೆ ಸಾಕು. ತಮಿಳುನಾಡಿನ ಡೆಲ್ಟಾ ರೈತನ ಕಡೆಯಿಂದಲೂ ಒಂದು ಗುಂಪು ಮಾತಾಡಲಿ. ಮೆಟ್ಟೂರು ಅಣೆಕಟ್ಟೆಯನ್ನು ಜೂನ್ 12ಕ್ಕೆ ತೆರೆಯುವ ವಾಡಿಕೆ ಇದೆ, ಅವರ ಕುರುವೈ ಭತ್ತ ಅದನ್ನೇ ನಂಬಿಕೊಂಡಿದೆ. ಎರಡೂ ಕಡೆ ಇರುವವರು ರೈತರೇ ಎಂದು ನೀವು ಹೇಳುವುದು ಬೇಡ, ಮಕ್ಕಳ ಬಾಯಿಂದಲೇ ಬರುತ್ತದೆ.

ಇನ್ನು ಇತಿಹಾಸ. ಎಂಟನೇ ಕ್ಲಾಸಿನ ಮೊದಲ ಪಾಠವೇ 'ಆಧಾರಗಳು'. ಪುಸ್ತಕ ತೆಗೆಯುವ ಮೊದಲು ಆತಕೂರು ಶಾಸನದ ಕಥೆ ಹೇಳಿ. ಆತಕೂರು ನಿಮ್ಮ ಮದ್ದೂರು ತಾಲ್ಲೂಕಿನದೇ ಊರು. ಹತ್ತನೇ ಶತಮಾನದ ಆ ಕಲ್ಲಿನಲ್ಲಿ ಕಾಳಿ ಎಂಬ ಬೇಟೆನಾಯಿಯ ಸುದ್ದಿ ಇದೆ. ಗಂಗರ ದೊರೆ ಬೂತುಗನ ಪಕ್ಷದ ವೀರ ಮಣಲೇರ. ಅವನು ರಾಷ್ಟ್ರಕೂಟರ ದೊರೆ ಮೂರನೇ ಕೃಷ್ಣನಿಂದ ಈ ನಾಯಿಯನ್ನು ಕೇಳಿ ಪಡೆದ. ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು ಹೋರಾಡಿತು, ಎರಡೂ ಸತ್ತವು. ನಾಯಿಗಾಗಿ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟುಕೊಟ್ಟರು. ಅದೇ ಕಲ್ಲು 949ರ ಸುಮಾರಿಗೆ ತಕ್ಕೋಲದಲ್ಲಿ ಚೋಳರ ಜೊತೆ ನಡೆದ ಯುದ್ಧದ ಸುದ್ದಿಯನ್ನೂ ಹೇಳುತ್ತದೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಫೋಟೊ ತೋರಿಸಿ, ನಾಯಿ ಹಂದಿ ಕಾದಾಡುವ ಚಿತ್ರವನ್ನು ಮಕ್ಕಳೇ ಪತ್ತೆ ಮಾಡಲಿ. ನಾಯಿ ಇಲ್ಲದಿದ್ದರೆ ಈ ಯುದ್ಧದ ಬಗ್ಗೆ ನಮಗೆ ಏನೇನು ಗೊತ್ತಾಗುತ್ತಿರಲಿಲ್ಲ ಎಂದು ಕೇಳಿ. ಆಧಾರ ಅಂದರೆ ಏನು ಎಂಬುದಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಆಮೇಲೆ ಊರಿನ ವೀರಗಲ್ಲಿನ ಹತ್ತಿರ ಕರೆದುಕೊಂಡು ಹೋಗಿ. ನಮ್ಮ ಕಡೆ ದೇವಸ್ಥಾನದ ಹಿಂದೆಯೋ ಕೆರೆ ಏರಿ ಮೇಲೋ ಒಂದಾದರೂ ಇದ್ದೇ ಇರುತ್ತದೆ. ಸಾಮಾನ್ಯವಾಗಿ ಮೂರು ಪಟ್ಟಿ: ಕೆಳಗೆ ಕಾಳಗ, ನಡುವೆ ವೀರನನ್ನು ಅಪ್ಸರೆಯರು ಕರೆದೊಯ್ಯುವುದು, ಮೇಲೆ ಶಿವಲಿಂಗದ ಸನ್ನಿಧಿ. ಬೆಳಿಗ್ಗೆ ಬೇಗ ಇಲ್ಲವೇ ಸಂಜೆ ಹೋಗಿ. ಬಿಸಿಲು ಓರೆಯಾಗಿ ಬಿದ್ದಾಗ ಅಕ್ಷರ, ಕೆತ್ತನೆ ಎದ್ದು ಕಾಣುತ್ತದೆ. ಚಾಕ್‌ಪೀಸ್, ಎಣ್ಣೆ, ಕಬ್ಬಿಣದ ಬ್ರಷ್ ಯಾವುದನ್ನೂ ಕಲ್ಲಿಗೆ ಮುಟ್ಟಿಸಬೇಡಿ.

ಮನೆಯ ಹಿರಿಯರನ್ನು ಕೇಳಿಕೊಂಡು ಬರಲು ಹೇಳಿ. ಪ್ರಶ್ನೆ ಸಣ್ಣದಾಗಿರಲಿ. ಕೆಆರ್‌ಎಸ್‌ನ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ನೀರು ಬರುವ ಮೊದಲು ನಮ್ಮ ಹೊಲದಲ್ಲಿ ಏನು ಬೆಳೆಯುತ್ತಿದ್ದರಂತೆ? ಮನೆಗೆ ಕರೆಂಟು ಬಂದದ್ದು ಯಾವಾಗ? ಕಬ್ಬು ಯಾವ ಫ್ಯಾಕ್ಟರಿಗೆ ಹೋಗುತ್ತಿತ್ತು? ಮಂಡ್ಯದ ಸಕ್ಕರೆ ಕಾರ್ಖಾನೆ 1933ರಲ್ಲಿ, ಜಿಲ್ಲೆ 1939ರಲ್ಲಿ ಎಂದು ನೀವು ಆಮೇಲೆ ಸೇರಿಸಿದರೆ ಇಸವಿಗಳಿಗೆ ಒಂದು ಜಾಗ ಸಿಗುತ್ತದೆ. ಹಳೆಯ ಲಗ್ನಪತ್ರಿಕೆ, ಸೇರು, ಪಾವು ತರಲಿ. ಪಹಣಿ, ಕ್ರಯಪತ್ರ ಮಾತ್ರ ಬೇಡವೇ ಬೇಡ, ಕಳೆದರೆ ಆ ಮನೆಗೆ ದೊಡ್ಡ ತೊಂದರೆ. ಮತ್ತೆ, ಯಾರಿಗೆ ಎಷ್ಟು ಎಕರೆ, ಯಾರ ಬೀದಿ ಯಾವುದು ಎಂದು ಎಲ್ಲರ ಎದುರು ಕೇಳಬೇಡಿ. ಜಾತಿ, ಬಡತನ ಆ ಪ್ರಶ್ನೆಯಲ್ಲೇ ಬಯಲಾಗುತ್ತದೆ. ಆ ಮಗು ವರ್ಷವಿಡೀ ಬಾಯಿ ಬಿಡುವುದಿಲ್ಲ.

ಟಿಪ್ಪು ಮಾತು ಬಂದೇ ಬರುತ್ತದೆ, ಶ್ರೀರಂಗಪಟ್ಟಣ ಪಕ್ಕದಲ್ಲೇ ಇದೆ. ಮಕ್ಕಳು ಮನೆಯಲ್ಲಿ ಕೇಳಿದ್ದನ್ನು ಹೇಳಲಿ, ನೀವು ಪ್ರತಿ ಸಲವೂ "ಇದನ್ನು ಯಾರು ಬರೆದದ್ದು, ಯಾವಾಗ ಬರೆದದ್ದು" ಎಂದಷ್ಟೇ ಕೇಳಿ.

ಪೌರನೀತಿಗೆ ಶಾಲಾ ಸಂಸತ್ತಿನ ಚುನಾವಣೆ ಸಾಕು. ದಯವಿಟ್ಟು ಲೀಡರನ್ನು ಸ್ಟಾಫ್‌ರೂಮಿನಲ್ಲಿ ಆರಿಸಬೇಡಿ. ನಾಮಪತ್ರ, ವಾಪಸ್ ಪಡೆಯುವ ದಿನ, ಪ್ರಚಾರ, ಗುಪ್ತ ಮತದಾನ, ಎಣಿಕೆ ಎಲ್ಲವೂ ನಡೆಯಲಿ. ಬೆರಳಿಗೆ ಶಾಯಿ ಹಾಕುವಾಗ, ದೇಶದ ಚುನಾವಣೆಗೆ 1962ರಿಂದ ಬಳಸುವ ಅಳಿಸಲಾಗದ ಶಾಯಿ ತಯಾರಾಗುವುದು ನಮ್ಮ ಮೈಸೂರಿನಲ್ಲೇ ಎಂದು ಹೇಳಿ. 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಅರಗು ಮತ್ತು ಬಣ್ಣದ ಕಾರ್ಖಾನೆ ಅದು, ಈಗಿನ ಹೆಸರು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. ಗೆದ್ದವರು ತಿಂಗಳಿಗೊಮ್ಮೆ ಕ್ಲಾಸಿನ ಮುಂದೆ ನಿಂತು ಲೆಕ್ಕ ಒಪ್ಪಿಸಬೇಕು. ಇದು ಎಲ್ಲೂ ಸರಿಯಾಗಿ ನಡೆಯುವುದಿಲ್ಲ, ಆದರೆ ಮುಖ್ಯವಾದದ್ದು ಇದೇ.

ಪೋರ್ಷನ್ ಹಿಂದೆ ಬೀಳುತ್ತೆ ಎಂದು ನಿಮ್ಮ ಎಚ್.ಎಂ. ಹೇಳಿದ್ದಾರೆ ಅಂತ ಬರೆದಿದ್ದೀರಿ. ವರ್ಷದ ಶುರುವಿನಲ್ಲಿ ಹಿಂದಿನ ಕಲಿಕೆಯನ್ನು ಸರಿಮಾಡುವ ಸೇತುಬಂಧದ ದಿನಗಳು ಹೇಗೂ ಇವೆ. ಪೂರ್ವ ಪರೀಕ್ಷೆಯಲ್ಲಿ ಇಸವಿ ಕೇಳುವ ಬದಲು "ನಿಮ್ಮ ಹೊಲಕ್ಕೆ ನೀರು ಎಲ್ಲಿಂದ ಬರುತ್ತದೆ, ನಕ್ಷೆ ಬರೆದು ತೋರಿಸಿ" ಎಂದು ಕೇಳಿ. ಯಾರಿಗೆ ದಿಕ್ಕು ಗೊತ್ತಿಲ್ಲ, ಯಾರಿಗೆ ಬರೆಯಲು ಕಷ್ಟ, ಎರಡೂ ಒಂದೇ ಹಾಳೆಯಲ್ಲಿ ಕಾಣುತ್ತದೆ. 'ಆಧಾರಗಳು' ಪಾಠವಂತೂ ಇದರಲ್ಲೇ ಮುಗಿದಿರುತ್ತದೆ. ಕಟ್ಟೆಯ ಚಾರ್ಟಿಗೆ ದಿನಕ್ಕೆ ಮೂರು ನಿಮಿಷ ಸಾಕು.

ನಿಮ್ಮ ಶಾಲೆಯ ಊರು, ಹೋಬಳಿ ಇಲ್ಲೇ ಕೆಳಗೆ ಬರೆಯಿರಿ. ಕರ್ನಾಟಕದ ಶಾಸನಗಳ ಸಂಪುಟಗಳಾದ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ತಾಲ್ಲೂಕು, ಊರಿನ ಪ್ರಕಾರ ಶಾಸನಗಳಲ್ಲಿ ಬರೆದಿರುವುದನ್ನು ಅಚ್ಚು ಹಾಕಿದ್ದಾರೆ. ನಿಮ್ಮ ಊರಿನದು ಇದ್ದರೆ ಆ ಪುಟದ ಫೋಟೊ ಹಾಕುತ್ತೇನೆ.