ಸ್ಟೇಷನ್ ವ್ಯಾಗನ್‌ಗೆ ಚಿಕ್ಕ ಕ್ಯಾರವಾನ್ ಟ್ರೇಲರ್ ಕಟ್ಟಿ ಕುಂಬಳೆಯಿಂದ ಮಡಿಕೇರಿಗೆ ಹೋಗಬಹುದೇ?

ನೀವು ಕೇಳಿದ್ದು ಇಷ್ಟು: ಮನೆಯಲ್ಲಿ ಡೀಸೆಲ್ ಸ್ಟೇಷನ್ ವ್ಯಾಗನ್ ಇದೆ, ಮುಂದಿನ ಚಕ್ರ ಎಳೆಯುವ ಗಾಡಿ, ತೂಕ ಸುಮಾರು 1400 ಕಿಲೋ. ಒಂದು ಚಿಕ್ಕ ಕ್ಯಾರವಾನ್ ಟ್ರೇಲರ್ (ಕಾರಿನ ಹಿಂದೆ ಕಟ್ಟಿ ಎಳೆಯುವ, ಒಳಗೆ ಮಲಗಬಹುದಾದ ಚಕ್ರದ ಪೆಟ್ಟಿಗೆ) ಮಾರಾಟಕ್ಕೆ ಸಿಕ್ಕಿದೆ, ಖಾಲಿ ತೂಕ 550 ಕಿಲೋ ಅಂತ ಮಾರುವವರು ಹೇಳುತ್ತಾರೆ. ಅಮ್ಮನಿಗೆ ಮಂಡಿನೋವು, ಇಬ್ಬರು ಮಕ್ಕಳು. ಮೊದಲು ಬೇಕಲ, ಆಮೇಲೆ ಮುಳ್ಳೇರಿಯ, ಸುಳ್ಯ, ಸಂಪಾಜೆ ದಾಟಿ ಮಡಿಕೇರಿ. ಎಂಜಿನ್ ಎಳೆಯುತ್ತದೆಯೇ?

ಎಳೆಯುತ್ತದೆ. ಎಂಜಿನ್ ಬಗ್ಗೆ ನನಗೆ ಚಿಂತೆ ಇಲ್ಲ. ಚಿಂತೆ ಇರುವುದು ನೀವು ಮಡಿಕೇರಿಯಿಂದ ವಾಪಸ್ ಇಳಿಯುವಾಗ.

ನಾನು ಬದಿಯಡ್ಕದವನು. ಗಲ್ಫಿನಲ್ಲಿ ವರ್ಷಗಟ್ಟಲೆ ಗ್ಯಾರೇಜಿನಲ್ಲಿ ದುಡಿದೆ. ಕಾರುಗಳಿಗೆ ಟೋ ಬಾರ್, ಅಂದ್ರೆ ಟ್ರೇಲರ್ ಸಿಕ್ಕಿಸುವ ಕೊಕ್ಕೆಯ ಚೌಕಟ್ಟು ಕೂರಿಸುವುದು, ಟ್ರೇಲರ್‌ನ ಬ್ರೇಕ್, ಬೇರಿಂಗ್ ನೋಡುವುದೇ ಕೆಲಸ. ಅಲ್ಲಿ ದೋಣಿ, ಕ್ಯಾರವಾನ್ ಎಳೆಯುವುದು ಮಾಮೂಲು, ಆದರೆ ರಸ್ತೆ ಸಪಾಟು, ಗಾಡಿಗಳು ದೊಡ್ಡವು. ನಮ್ಮ ಕಡೆ ಎರಡೂ ಹಾಗಿಲ್ಲ. ಹಾಗಾಗಿ ಅಲ್ಲಿಯ ವಿಡಿಯೋ ನೋಡಿ ಧೈರ್ಯ ಮಾಡಬೇಡಿ.

ಮೊದಲು ತೂಕ. 550 ಅನ್ನುವುದು ಖಾಲಿ ಪೆಟ್ಟಿಗೆಯ ತೂಕ. ಅರುವತ್ತು ಲೀಟರ್ ನೀರು ತುಂಬಿಸಿದರೆ 60 ಕಿಲೋ ಬಂತು. ಮನೆಯ 14.2 ಕಿಲೋ ಗ್ಯಾಸ್ ಸಿಲಿಂಡರ್ ತುಂಬಿದ್ದರೆ ಹತ್ತಿರ ಹತ್ತಿರ 30 ಕಿಲೋ. ಹಾಸಿಗೆ, ಒಲೆ, ಪಾತ್ರೆ, ಅಕ್ಕಿ, ಕುರ್ಚಿ, ಮಳೆಗೆ ಟಾರ್ಪಾಲು. 700 ಆಗಲು ಹೆಚ್ಚು ಹೊತ್ತು ಬೇಡ. ಕೊಳ್ಳುವ ಮೊದಲು ಟ್ರೇಲರನ್ನು ಲಾರಿ ತೂಗುವ ವೇ ಬ್ರಿಡ್ಜ್ ಮೇಲೆ ನಿಲ್ಲಿಸಿ. ಮಾರುವವರ ಬಾಯಿಮಾತಿನ ತೂಕ ನನಗೆ ಯಾವತ್ತೂ ಸಾಕಾಗಿಲ್ಲ.

ಬ್ರಿಟನ್ನಿನಲ್ಲಿ ಹೊಸಬರಿಗೆ ಹೇಳುವ ಲೆಕ್ಕ ಒಂದಿದೆ: ತುಂಬಿದ ಟ್ರೇಲರ್ ಕಾರಿನ ತೂಕದ ನೂರಕ್ಕೆ 85 ದಾಟಬಾರದು. ಅದು ಅಲ್ಲಿಯ ಹೈವೇಗೆ, ಅದೂ ಟ್ರೇಲರ್‌ಗೆ ಬ್ರೇಕ್ ಇದ್ದಾಗ. ಬ್ರೇಕ್ ಇಲ್ಲದ ಟ್ರೇಲರ್ ಆದರೆ ಅಲ್ಲಿ 750 ಕಿಲೋ ಅಥವಾ ಕಾರಿನ ತೂಕದ ಅರ್ಧ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟೇ. ನಿಮಗೆ ಅದು 700. ಅಂದ್ರೆ ಬ್ರೇಕ್ ಇಲ್ಲದಿದ್ದರೆ ನೀವು ಈಗಲೇ ಅಂಚಿನಲ್ಲಿದ್ದೀರಿ. ಘಾಟಿಗೆ ಹೋಗುವುದಾದರೆ ಕಾರಿನ ಅರ್ಧ ತೂಕ, ಅದರ ಜೊತೆ ಟ್ರೇಲರ್‌ಗೆ ಬ್ರೇಕೂ ಇರಲೇಬೇಕು. ಇದು ನನ್ನ ಅಭಿಪ್ರಾಯ, ಇದರಲ್ಲಿ ನಾನು ಸಡಿಲ ಬಿಡುವುದಿಲ್ಲ.

ಕಾರಿನ ಜೊತೆ ಬಂದ ಪುಸ್ತಕವನ್ನೂ ತೆರೆದು ನೋಡಿ. ಎಳೆಯಬಹುದಾದ ತೂಕ ಅದರಲ್ಲಿ ಇರಬೇಕು. ಇಲ್ಲಿ ಮಾರುವ ಎಷ್ಟೋ ಕಾರುಗಳ ಪುಸ್ತಕದಲ್ಲಿ ಟ್ರೇಲರ್ ಎಳೆಯಲೇಬೇಡಿ ಅಂತ ಬರೆದಿರುತ್ತದೆ. ಹಾಗೆ ಬರೆದಿದ್ದರೆ ಅಲ್ಲಿಗೆ ಮಾತು ಮುಗಿಯಿತು. ಅದೇ ಮಾದರಿಯ ಕಾರಿಗೆ ಯುರೋಪಿನಲ್ಲಿ ಕೊಟ್ಟ ಅಂಕಿಯನ್ನು ಇಲ್ಲಿಗೆ ಹಚ್ಚಬೇಡಿ, ರೇಡಿಯೇಟರ್, ಗೇರ್‌ಬಾಕ್ಸ್ ಬೇರೆ ಇರಬಹುದು. ಅಂದ ಹಾಗೆ, ಆ ಯುರೋಪಿನ ಅಂಕಿಯ ಹಿಂದೆ ಒಂದು ಪರೀಕ್ಷೆ ಇದೆ: ನೂರಕ್ಕೆ 12ರ ಏರಿನಲ್ಲಿ, ಟ್ರೇಲರ್ ಸಮೇತ, ಐದು ನಿಮಿಷದೊಳಗೆ ಐದು ಸಲ ನಿಲ್ಲಿಸಿ ಹೊರಡಬೇಕು. ಕ್ಲಚ್ಚಿಗೆ ಎಷ್ಟು ಕಷ್ಟ ಅಂತ ಇದರಲ್ಲೇ ಗೊತ್ತಾಗುತ್ತದೆ ಅಲ್ವಾ?

ಇನ್ನು ಇಳಿಯುವುದು. ಮಡಿಕೇರಿಯಿಂದ ಸಂಪಾಜೆಗೆ ಬರುವಾಗ ಎತ್ತರ ಸುಮಾರು ಸಾವಿರ ಮೀಟರ್ ಕಡಿಮೆಯಾಗುತ್ತದೆ. ಲೆಕ್ಕ ಹಾಕಿದರೆ, 60ರ ವೇಗದಿಂದ ಪೂರ್ತಿ ನಿಲ್ಲಿಸುವುದನ್ನು ಸುಮಾರು ಎಪ್ಪತ್ತು ಸಲ ಮಾಡಿದಷ್ಟು ಶಕ್ತಿ ಅದು. ಅಷ್ಟೂ ಎಲ್ಲೋ ಒಂದು ಕಡೆ ಬಿಸಿಯಾಗಿ ಹೋಗಲೇಬೇಕು. ಗಾಳಿ, ಟಯರ್, ಎಂಜಿನ್ ಒಂದಷ್ಟು ತೆಗೆದುಕೊಳ್ಳುತ್ತವೆ, ಉಳಿದದ್ದು ಬ್ರೇಕಿನ ಪಾಲು. ಜನ, ಸಾಮಾನು ಸೇರಿ ನಿಮ್ಮ ಕಾರು 1750 ಕಿಲೋ ಅಂತ ಇಟ್ಟುಕೊಳ್ಳಿ. ಹಿಂದೆ 700 ಸೇರಿದರೆ ಬಿಸಿಯೂ ನೂರಕ್ಕೆ 40ರಷ್ಟು ಜಾಸ್ತಿ. ಟ್ರೇಲರ್‌ಗೆ ಬ್ರೇಕ್ ಇಲ್ಲದಿದ್ದರೆ ಆ ಹೆಚ್ಚುವರಿ ಎಲ್ಲ ಕಾರಿನ ಬ್ರೇಕಿಗೇ. ಪ್ಯಾಡ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಬ್ರೇಕ್ ಆಯಿಲ್ ಹಳೆಯದಾಗಿ ನೀರು ಎಳೆದುಕೊಂಡಿದ್ದರೆ ಕುದಿಯುತ್ತದೆ, ಆಗ ಪೆಡಲ್ ಸುಮ್ನೆ ಕೆಳಗೆ ಹೋಗುತ್ತದೆ. ಹೊರಡುವ ಮೊದಲು ಆಯಿಲ್ ಬದಲಾಯಿಸಿ, ದೊಡ್ಡ ಖರ್ಚೇನಲ್ಲ.

ಇಳಿಯುವಾಗ ಎರಡನೇ ಗೇರ್, ತೀರಾ ಕಡಿದಾದಲ್ಲಿ ಒಂದು. ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಿ, ನಡುವೆ ಅಲ್ಲ. ಬ್ರೇಕನ್ನು ಸ್ವಲ್ಪ ಒತ್ತಿ ಹಿಡಿದುಕೊಂಡೇ ಇಳಿಯಬೇಡಿ. ಒಮ್ಮೆ ಗಟ್ಟಿಯಾಗಿ ಒತ್ತಿ ವೇಗ ತಗ್ಗಿಸಿ, ಪೂರ್ತಿ ಬಿಡಿ, ತಣ್ಣಗಾಗಲಿ. ಡೀಸೆಲ್ ಉಳಿಸಲಿಕ್ಕೆ ನ್ಯೂಟ್ರಲ್ ಹಾಕಿ ಇಳಿಸುವ ಅಭ್ಯಾಸ ನಮ್ಮ ಕಡೆ ಬಹಳ ಜನಕ್ಕಿದೆ. ಟ್ರೇಲರ್ ಇರುವಾಗ ಅದನ್ನು ದಯವಿಟ್ಟು ಮಾಡಬೇಡಿ.

ಚಿಕ್ಕ ಟ್ರೇಲರ್‌ಗಳಲ್ಲಿ ಹೆಚ್ಚಾಗಿ ಓವರ್‌ರನ್ ಬ್ರೇಕ್ ಇರುತ್ತದೆ. ಕಾರು ನಿಧಾನ ಆದಾಗ ಟ್ರೇಲರ್ ಮುಂದಕ್ಕೆ ತಳ್ಳುತ್ತದೆ, ಆ ತಳ್ಳಿಗೆ ಮೂಗಿನಲ್ಲಿರುವ (ಕಾರಿನ ಕೊಕ್ಕೆಗೆ ಸಿಕ್ಕಿಸುವ ಮುಂತುದಿಯಲ್ಲಿರುವ) ರಾಡ್ ಒಳಗೆ ಸರಿದು ಟ್ರೇಲರ್‌ನ ಬ್ರೇಕ್ ಹಿಡಿಯುತ್ತದೆ. ಈ ಬ್ರೇಕಿಗೆ ವಯರಿಂಗ್ ಏನೂ ಬೇಡ. ಆದರೆ ಉದ್ದದ ಇಳಿಜಾರಿನಲ್ಲಿ ಟ್ರೇಲರ್ ತಳ್ಳುತ್ತಲೇ ಇರುವುದರಿಂದ ಅದರ ಬ್ರೇಕೂ ಕಾಯುತ್ತದೆ. ಅಗಲ ಜಾಗ ಸಿಕ್ಕಲ್ಲಿ ನಿಲ್ಲಿಸಿ, ಹಬ್ (ಚಕ್ರದ ನಡುಭಾಗ) ಹತ್ತಿರ ಕೈ ತಂದು ನೋಡಿ. ಮುಟ್ಟಲಿಕ್ಕಾಗದಷ್ಟು ಬಿಸಿ ಇದ್ದರೆ ಇಳಿಜಾರಿಗೆ ಬ್ರೇಕ್ ಕಾದಿರಬಹುದು, ಇಲ್ಲವೇ ಬ್ರೇಕ್ ಕಚ್ಚಿಕೊಂಡಿರಬಹುದು ಅಥವಾ ಬೇರಿಂಗ್‌ನಲ್ಲಿ ಗ್ರೀಸ್ ಇಲ್ಲದಿರಬಹುದು. ಮಳೆಗಾಲದಲ್ಲಿ ಅಂಗಳದಲ್ಲಿ ನಿಂತ ಟ್ರೇಲರ್‌ಗೆ ಈ ಕೊನೆಯ ಎರಡೂ ಬರುವ ಕಾಯಿಲೆಗಳು.

ಸಾಮಾನು ಎಲ್ಲಿಡುತ್ತೀರಿ ಅನ್ನುವುದೂ ಬಹಳ ಮುಖ್ಯ. ಭಾರ ಟ್ರೇಲರ್‌ನ ಅಚ್ಚಿನ ಹಿಂದೆ ಜಾಸ್ತಿಯಾದರೆ ಅದು ಬಾಲ ಆಡಿಸಲು ಶುರು ಮಾಡುತ್ತದೆ. ವೇಗ ಏರಿದಷ್ಟೂ ಆಟ ಜೋರು, ಕೊನೆಗೆ ಕಾರನ್ನೇ ತಿರುಗಿಸಿಬಿಡುತ್ತದೆ. ಅದಕ್ಕೇ ಟ್ರೇಲರ್‌ನ ಮೂಗು ಕೊಕ್ಕೆಯ ಮೇಲೆ ಸ್ವಲ್ಪ ಭಾರ ಹಾಕಿ ಕೂರಬೇಕು. ಅಮೆರಿಕದವರು ಟ್ರೇಲರ್ ತೂಕದ ನೂರಕ್ಕೆ 10ರಿಂದ 15 ಅನ್ನುತ್ತಾರೆ, ಯುರೋಪಿನಲ್ಲಿ 5ರಿಂದ 7. ಯುರೋಪಿನ ಕಾರುಗಳಿಗೆ ಮೂಗಿನ ಭಾರದ ಮಿತಿಯೇ ಕಡಿಮೆ. ನಿಮ್ಮದಕ್ಕೆ 50 ಕಿಲೋ ಆಸುಪಾಸು ಇರಲಿ, ಆದರೆ ಕಾರಿನ ಮಿತಿ ದಾಟಬಾರದು. ಅಳೆಯುವುದು ಸುಲಭ: ಸಪಾಟು ನೆಲದಲ್ಲಿ ಟ್ರೇಲರ್ ನಿಲ್ಲಿಸಿ, ಚಕ್ರಕ್ಕೆ ಅಡ್ಡ ಕೊಟ್ಟು, ಕೊಕ್ಕೆಯ ಎತ್ತರಕ್ಕೆ ಸರಿಯಾಗಿ ಒಂದು ಮರದ ತುಂಡು ನಿಲ್ಲಿಸಿ ಮೂಗನ್ನು ಅಡಿಕೆ ತೂಗುವ ಯಂತ್ರದ ಮೇಲೆ ಇಳಿಸಿ. ಸಾಮಾನೆಲ್ಲ ತುಂಬಿದ ಮೇಲೆ ತೂಗಬೇಕು, ಖಾಲಿ ಇರುವಾಗ ಅಲ್ಲ. ನೀರಿನ ಟ್ಯಾಂಕ್ ಹಿಂದಿದ್ದರೆ ಖಾಲಿ ಮಾಡಿಯೇ ಹೊರಡಿ, ದಾರಿಯಲ್ಲಿ ನೀರಿಗೆ ಬರ ಇಲ್ಲ.

ಆ 50 ಕಿಲೋ ಹಿಂದಿನ ಅಚ್ಚಿಗಿಂತ ಒಂದು ಮೀಟರ್ ಹಿಂದೆ ಕೂತರೆ ಹಿಂದಿನ ಚಕ್ರಗಳಿಗೆ ಸುಮಾರು 70 ಕಿಲೋ ಬೀಳುತ್ತದೆ, ಮುಂದಿನ ಚಕ್ರಗಳಿಂದ ಸುಮಾರು 20 ಕಿಲೋ ಎದ್ದು ಹೋಗುತ್ತದೆ. ನಿಮ್ಮದು ಮುಂದಿನ ಚಕ್ರ ಎಳೆಯುವ ಗಾಡಿ. ಒದ್ದೆ ಏರಿನಲ್ಲಿ ಚಕ್ರ ಸುಮ್ಮನೆ ತಿರುಗುವುದು ಇದರಿಂದಲೇ. ಡಿಕ್ಕಿಯಲ್ಲಿ ಭಾರದ ಸಾಮಾನು ಬೇಡ, ಇದ್ದರೆ ಸೀಟಿಗೆ ಒತ್ತಿ ಇಡಿ.

ಬಾಲ ಆಡಿತು ಅಂತಲೇ ಇಟ್ಟುಕೊಳ್ಳಿ. ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ಸ್ಟೀರಿಂಗ್ ನೇರ ಹಿಡಿಯಿರಿ, ತಾನಾಗಿ ನಿಧಾನ ಆಗಲಿ. ಬ್ರೇಕ್ ಗಟ್ಟಿ ಒತ್ತಬೇಡಿ, ಎದುರು ತಿರುಗಿಸಿ ಸರಿಮಾಡಲೂ ಹೋಗಬೇಡಿ. ಹೊಸ ಹೆದ್ದಾರಿಯಲ್ಲಿ ದೊಡ್ಡ ಬಸ್ಸು ಪಕ್ಕದಲ್ಲೇ ಹಾದುಹೋದಾಗ ಆ ಗಾಳಿಗೆ ಹೀಗಾಗಬಹುದು. 60ರ ಮೇಲೆ ಹೋಗುವ ಅಗತ್ಯ ಎಲ್ಲೂ ಇಲ್ಲ. 80ಕ್ಕೆ ಹೋದರೆ ನಿಲ್ಲಿಸಬೇಕಾದ ಶಕ್ತಿ ಮುಕ್ಕಾಲು ಪಾಲು ಹೆಚ್ಚಾಗುತ್ತದೆ.

ಕೊಕ್ಕೆಯನ್ನು ಬಂಪರಿಗೆ ವೆಲ್ಡ್ ಮಾಡಿಸಬೇಡಿ. ಆ ಕಾರಿಗೆಂದೇ ಮಾಡಿದ ಟೋ ಬಾರ್, ಕಂಪೆನಿ ಬಿಟ್ಟಿರುವ ಬೋಲ್ಟ್ ಜಾಗಗಳಲ್ಲೇ ಕೂರಬೇಕು. ಕೊಕ್ಕೆಯ ತುದಿಯ ಗುಂಡು (ಅದರ ಮೇಲೆ ಟ್ರೇಲರ್ ಮೂಗಿನ ಕಪ್ ಕೂರುತ್ತದೆ) 50 ಮಿಲಿಮೀಟರಿನದೋ ಎರಡು ಇಂಚಿನದೋ ನೋಡಿ, ಎರಡಕ್ಕೂ ಒಂದು ಮಿಲಿಮೀಟರ್ ಕೂಡ ವ್ಯತ್ಯಾಸ ಇಲ್ಲ, ಆದರೂ ಒಂದರ ಗುಂಡು, ಇನ್ನೊಂದರ ಕಪ್ ಸೇರಿಸಬಾರದು. ಸೇಫ್ಟಿ ಚೈನ್ ಎರಡನ್ನೂ ಅಡ್ಡಡ್ಡ ಹಾಕಿ. ಕೊಕ್ಕೆ ಕಳಚಿದರೆ ಮೂಗು ರಸ್ತೆಗೆ ಬಡಿಯದೆ ಚೈನಿನ ತೊಟ್ಟಿಲಲ್ಲಿ ಕೂರುತ್ತದೆ.

ಕಾಗದಪತ್ರ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೇಲರ್ ಕೂಡ ಒಂದು ವಾಹನ, ಅದಕ್ಕೆ ಬೇರೆಯೇ ಆರ್‌ಸಿ ಬೇಕು. ಕಾರಿನ ನಂಬರ್ ಟ್ರೇಲರ್ ಹಿಂದೆ ಕಾಣಬೇಕು. ವರ್ಕ್‌ಶಾಪಿನಲ್ಲಿ ಮಾಡಿಸಿದ ಪೆಟ್ಟಿಗೆಗೆ ಆರ್‌ಸಿ ಇಲ್ಲದಿದ್ದರೆ ಅಡ್ವಾನ್ಸ್ ಕೊಡುವ ಮೊದಲು ಆರ್‌ಟಿಒ ಆಫೀಸಿನಲ್ಲಿ ಕೇಳಿ. ನೀವು ಕೇರಳದಿಂದ ಕರ್ನಾಟಕಕ್ಕೆ ದಾಟುವವರು, ಎರಡೂ ಕಡೆ ತಪಾಸಣೆ ಆಗಬಹುದು. ಇನ್ಶೂರೆನ್ಸ್‌ನವರಿಂದ ಬರಹದಲ್ಲೇ ಉತ್ತರ ತೆಗೆದುಕೊಳ್ಳಿ.

ಅಮ್ಮ ಟ್ರೇಲರ್‌ನಲ್ಲಿ ಮಲಗಿಕೊಂಡೇ ಬರಬಹುದಾ ಅಂತ ಕೊನೆಯಲ್ಲಿ ಕೇಳಿದ್ದೀರಿ. ಬೇಡವೇ ಬೇಡ. ಗಾಡಿ ಚಲಿಸುವಾಗ ಒಳಗೆ ಯಾರೂ ಇರಬಾರದು, ಮಕ್ಕಳೂ ಸಹ. ಅಲ್ಲಿ ಸೀಟ್ ಬೆಲ್ಟ್ ಇಲ್ಲ, ಗೋಡೆ ತೆಳು ಹಲಗೆ. ಅಮ್ಮನಿಗೆ ಮುಂದಿನ ಸೀಟು ಕೊಡಿ, ಗಂಟೆಗೊಮ್ಮೆ ನಿಲ್ಲಿಸಿ ನಾಲ್ಕು ಹೆಜ್ಜೆ ನಡೆಸಿ. ಸಿಲಿಂಡರ್ ವಾಲ್ವ್ ಬಂದ್ ಇರಲಿ.

ಮೊದಲು ಬೇಕಲಕ್ಕೆ ಹೋಗಿ ಬನ್ನಿ. ರಿವರ್ಸ್ ತೆಗೆಯುವುದನ್ನು ಖಾಲಿ ಮೈದಾನದಲ್ಲಿ ಕಲಿಯಿರಿ: ಸ್ಟೀರಿಂಗಿನ ಕೆಳಭಾಗ ಹಿಡಿದರೆ ಕೈ ಹೋದ ಕಡೆಗೇ ಟ್ರೇಲರ್ ಹೋಗುತ್ತದೆ. ಚಿಕ್ಕ ಟ್ರೇಲರ್ ಬೇಗ ಮಡಚಿಕೊಳ್ಳುತ್ತದೆ, ಆದ್ದರಿಂದ ತೀರಾ ನಿಧಾನ. ಆಮೇಲೆ ಮುಳ್ಳೇರಿಯ, ಆದೂರು, ಜಾಲ್ಸೂರು ದಾರಿ, ಸುಳ್ಯದವರೆಗೆ. ಅಲ್ಲಿ ಏರಿಳಿತ ಸಾಕಷ್ಟಿದೆ, ಗಾಡಿಯ ಗುಣ ಗೊತ್ತಾಗುತ್ತದೆ. ಸಂಪಾಜೆ ಘಾಟಿ ಡಿಸೆಂಬರ್, ಜನವರಿಗೆ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಬೇಡ, 2018ರ ಆಗಸ್ಟಿನಲ್ಲಿ ಜೋಡುಪಾಲದ ಕಡೆ ಗುಡ್ಡ ಕುಸಿದದ್ದು ನಿಮಗೂ ನೆನಪಿರಬಹುದು.

ವೇ ಬ್ರಿಡ್ಜ್ ತೂಕ, ಮೂಗಿನ ಭಾರ, ಟ್ರೇಲರ್‌ಗೆ ಯಾವ ಬ್ರೇಕ್ ಇದೆ, ಕಾರಿನ ಪುಸ್ತಕದಲ್ಲಿ ಏನಿದೆ, ಈ ನಾಲ್ಕನ್ನು ಇಲ್ಲೇ ಬರೆಯಿರಿ. ನೋಡಿ ಹೇಳುತ್ತೇನೆ, ಅಲ್ಲಿಯವರೆಗೆ ದುಡ್ಡು ಕೊಡಬೇಡಿ.