ವಿತಂಡವಾದ, ಮೊಂಡುವಾದ ಎರಡೂ ಒಂದೇನಾ?

ಗೆಳೆಯರೊಬ್ಬರು ತಮ್ಮ ಮಾತು ಬಿಡಲೇ ಇಲ್ಲ, ಅದು ವಿತಂಡವಾದವೋ ಮೊಂಡುವಾದವೋ ಅಂತ ಕೇಳಿದ್ದೀರಿ. ಅದು ಮೊಂಡುವಾದ.

ಇವೆರಡನ್ನೂ ನಾವು ಒಂದೇ ಅನ್ನುವ ಹಾಗೆ ಬಳಸುತ್ತೇವೆ. ನನಗೆ ಅದು ಸರಿ ಕಾಣುವುದಿಲ್ಲ. ‘ನಾನು ಹಿಡಿದ ಮೊಲಕ್ಕೆ ಮೂರೇ ಕಾಲು’ ಅಂತಾರಲ್ಲ, ಅದು ಮೊಂಡುವಾದ. ಅಲ್ಲಿ ಹಿಡಿದುಕೊಂಡ ಒಂದು ನಿಲುವು ಇರುತ್ತದೆ. ವಿತಂಡ ಮಾಡುವವರ ಕೈಯಲ್ಲಿ ಮೊಲವೇ ಇರುವುದಿಲ್ಲ. ನಾಲ್ಕು ಕಾಲು ಅಂದರೆ ತಪ್ಪು ಅಂತಾರೆ. ಹಾಗಾದರೆ ಎಷ್ಟು ಅಂದರೆ ಹೇಳುವುದಿಲ್ಲ.

ಗೌತಮ ಮುನಿಯ ನ್ಯಾಯಸೂತ್ರ ಅನ್ನುವ ಹಳೆಯ ತರ್ಕಗ್ರಂಥದಲ್ಲಿ ಚರ್ಚೆಯನ್ನು 3 ಬಗೆ ಮಾಡಿದ್ದಾರೆ: ನಿಜ ತಿಳಿಯಲು ವಾದ, ಗೆಲ್ಲಲು ಜಲ್ಪ, ತನ್ನ ನಿಲುವನ್ನೇ ಇಡದೆ ಬರೀ ಎದುರಿನವರದನ್ನು ಕೆಡವಿದರೆ ವಿತಂಡಾ. ‘ಜಲ್ಪ’ ನಮ್ಮ ಆಡುಮಾತಿಗೆ ಇಳಿಯಲೇ ಇಲ್ಲ. ಟೀವಿ ಚರ್ಚೆಗಳಲ್ಲಿ ಜಾಸ್ತಿ ನಡೆಯುವುದು ಅದೇ ಅಲ್ವಾ?